ಆರೈಕೆಗೆ ಆಳು ಒದಗಿಸುವ ಏಜೆನ್ಸಿ: ಕಲಬುರಗಿಯಲ್ಲಿ ಪಡೆದ ಸೇವೆಯ ವಿಮರ್ಶೆ

ಕಲಬುರಗಿಯಲ್ಲಿ ಮನೆಗೆಲಸಕ್ಕೆ, ಬಾಣಂತನಕ್ಕೆ, ಹಾಸಿಗೆ ಹಿಡಿದ ಹಿರಿಯರ ಆರೈಕೆಗೆ ಹೆಣ್ಣುಮಕ್ಕಳನ್ನು ಒದಗಿಸುವ ಏಜೆನ್ಸಿಗಳಿಗೆ ಈಗ ಬೇಡಿಕೆ ಬಹಳ ಇದೆ. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ ಮನೆಗಳಲ್ಲಿ ಉಳಿದ ಹಿರಿಯರನ್ನು ನೋಡಿಕೊಳ್ಳಲು ಬೇರೆ ದಾರಿ ಕಾಣದಿರುವುದರಿಂದ ಇಂಥ ಸೇವೆ ಅಗತ್ಯವೇ ಹೌದು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ನಮ್ಮ ಅತ್ತೆಯವರ ಆರೈಕೆಗಾಗಿ ನಾವೂ ಅಂಥ ಒಂದು ಏಜೆನ್ಸಿಯ ಸೇವೆ ಪಡೆದೆವು. ಆ ಸೇವೆಯನ್ನು ಯಾರಿಗೂ ಶಿಫಾರಸು ಮಾಡಲಾರೆ. ನಮಗಾದ ಅನನುಕೂಲಕ್ಕಾಗಿ ಈ ಮಾತು ಹೇಳುತ್ತಿಲ್ಲ, ನಮ್ಮ ಕೆಲಸ ಸುಸೂತ್ರವಾಗಿಯೇ ನಡೆಯಿತು. ಆ ಸುಸೂತ್ರತೆಗೆ ತಳದಲ್ಲಿರುವ ವ್ಯವಸ್ಥೆ ಜೀತದ ವ್ಯವಸ್ಥೆಯಾಗಿದೆ ಎಂಬುದು ಲೆಕ್ಕದ ಪುಸ್ತಕದಲ್ಲೇ ಕಣ್ಣಿಗೆ ಬಿದ್ದುದರಿಂದ ಬರೆಯುತ್ತಿದ್ದೇನೆ. ವಿಷಯ ಅಧಿಕಾರಿಗಳ ಮುಂದಿರುವುದರಿಂದ ಏಜೆನ್ಸಿಯ ಹೆಸರನ್ನೂ, ಸುರಕ್ಷತೆಯ ಕಾರಣಕ್ಕೆ ನಮ್ಮ ಮನೆಗೆ ಬಂದ ಮಹಿಳೆಯ ಹೆಸರನ್ನೂ ಇಲ್ಲಿ ಕೊಡುತ್ತಿಲ್ಲ.

ಮೊದಲು ಒಳ್ಳೆಯದನ್ನು ಹೇಳಬೇಕು. ಫೋನ್ ಮಾಡಿದ ಮರುದಿನವೇ ಆಳು ಬಂದರು. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಆ ಮಹಿಳೆಯ ಕೈಗುಣದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಅತ್ತೆಯವರನ್ನು ಅಲುಗಿಸದಂತೆ ಹಾಸಿಗೆಯ ಮೇಲ್ಹಾಸು ಬದಲಿಸುವ ಅವರ ರೀತಿಯನ್ನು ನಾನು ಪಕ್ಕದಲ್ಲಿ ನಿಂತು ನೋಡಿ ಕಲಿತೆ. ಹಳೆಯ ಹಾಸನ್ನು ಉದ್ದಕ್ಕೆ ಸುರುಳಿ ಸುತ್ತುತ್ತ ಬೆನ್ನಿನ ತನಕ ತರುವರು, ಹೊಸದರ ಅರ್ಧ ಸುರುಳಿಯನ್ನು ಅದಕ್ಕೆ ಒತ್ತಿ ಇಡುವರು, ಭುಜಕ್ಕೂ ತೊಡೆಗೂ ಅಂಗೈ ಕೊಟ್ಟು ಒಂದೇ ಸಲ ಹೊರಳಿಸಿ ಆಚೆ ಬದಿಯಿಂದ ಹಳೆಯದನ್ನು ಎಳೆದು ಹೊಸದನ್ನು ಬಿಡಿಸುವರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನು ರಾತ್ರಿಯೂ ತಪ್ಪಿಸಲಿಲ್ಲ. ಅಷ್ಟು ಕಾಲ ಮಲಗಿದ್ದರೂ ಅತ್ತೆಯವರ ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. ಜೋಳದ ರೊಟ್ಟಿ ಬಿಟ್ಟು ಬೇರೇನೂ ಸೇರದ ಹಿರಿಯರಿಗೆ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ, ನುಣ್ಣಗೆ ಹಿಸುಕಿ, ಮಾತನಾಡಿಸುತ್ತ ತಿನ್ನಿಸುತ್ತಿದ್ದರು. ಈ ಕೌಶಲ ಆ ಮಹಿಳೆಯದು. ಏಜೆನ್ಸಿ ಕೊಟ್ಟಿದ್ದು ಒಂದು ಮೇಲಂಗಿ ಮತ್ತು ಒಂದು ಸಂಖ್ಯೆ ಮಾತ್ರ.

ಆ ಸಂಖ್ಯೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಆಳನ್ನು ಆರಿಸಿಕೊಳ್ಳಲು ಏಜೆನ್ಸಿಯವರು ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸುತ್ತಾರೆ. ಅದರಲ್ಲಿ ಭಾವಚಿತ್ರ, ಸಂಖ್ಯೆ, ಅಂದಾಜು ವಯಸ್ಸು, ಮೈಕಟ್ಟು, ತಿನ್ನುವ ಆಹಾರ, ಮಕ್ಕಳಿದ್ದರೆ ಎಷ್ಟು ಎಂಬುದೆಲ್ಲ ಇರುತ್ತದೆ. ‘ಗಟ್ಟಿಮುಟ್ಟು’, ‘ಮಾತು ಕಡಿಮೆ’, ‘ಹಬ್ಬಕ್ಕೆ ಊರಿಗೆ ಹೋಗುವುದಿಲ್ಲ’ ಎಂಬ ಷರಾಗಳೂ ಇರುತ್ತವೆ. ಹೆಸರು ಮಾತ್ರ ಎಲ್ಲಿಯೂ ಇಲ್ಲ. ಕೇಳಿದ್ದಕ್ಕೆ, ಹೆಸರು ಗೊತ್ತಾದರೆ ಗಿರಾಕಿಗಳು ನೇರವಾಗಿ ಸಂಪರ್ಕಿಸಿ ತಮ್ಮ ಕಮಿಷನ್ ತಪ್ಪಿಸುತ್ತಾರೆ ಎಂಬ ಉತ್ತರ ಬಂತು. ವ್ಯಾಪಾರದ ದೃಷ್ಟಿಯಿಂದ ಇದು ಸಹಜವಾದ ಕಾರಣವೆಂದು ಕೆಲವರು ಹೇಳಬಹುದು. ಆದರೆ ಇತಿಹಾಸ ಓದಿದವರಿಗೆ ಈ ಪಟ್ಟಿಯ ಚಹರೆ ಪರಿಚಿತವಾದದ್ದು. ಅಮೆರಿಕದಲ್ಲಿ 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗಾಗಿಯೇ ಪ್ರತ್ಯೇಕ ಪಟ್ಟಿಗಳನ್ನು ಮಾಡಿದ್ದರು. ಒಡೆಯನ ಹೆಸರನ್ನು ಪೂರ್ತಿಯಾಗಿ ಬರೆದು, ಅದರ ಕೆಳಗೆ ಅವನ ಗುಲಾಮರನ್ನು ವಯಸ್ಸು, ಲಿಂಗ, ಬಣ್ಣಗಳಿಂದ ಮಾತ್ರ ಗುರುತಿಸಿದ್ದರು. ಲಕ್ಷಾಂತರ ಜನ ಹೆಸರಿಲ್ಲದೆ ಎಣಿಕೆಗೆ ಸಿಕ್ಕರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಜೀವಮಾನವಿಡೀ ಮಾತನಾಡಿದ ಫ್ರೆಡರಿಕ್ ಡಗ್ಲಸ್‌ಗೆ ತಾನು ಹುಟ್ಟಿದ ದಿನವೇ ಗೊತ್ತಿರಲಿಲ್ಲ. ಒಡೆಯನಿಗೆ ಬೇಕಾದದ್ದು ವಯಸ್ಸಿನ ಅಂದಾಜು, ದುಡಿಮೆಯ ತಾಕತ್ತು ಅಷ್ಟೇ.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಬೀದರ್ ನಗರದ ಪೂರ್ವಕ್ಕೆ ಹಬ್ಸಿ ಕೋಟೆ ಎಂಬ ದಿನ್ನೆಯಿದೆ. ಬಹಮನಿಗಳ ಕಾಲದಲ್ಲಿ ಆಫ್ರಿಕದಿಂದ ಬಂದು ಇಲ್ಲಿ ಸರದಾರರಾದ ಹಬ್ಸಿಗಳ ಗೋರಿಗಳು ಅಲ್ಲಿವೆ. ಅಂಥವರಲ್ಲಿ ಅನೇಕರು ಗುಲಾಮರ ಮಾರುಕಟ್ಟೆಯನ್ನು ಹಾಯ್ದೇ ದಖನ್ನಿಗೆ ಬಂದವರು. ಮುಂದೆ ಅಹಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು ಮೊಗಲರನ್ನು ತಡೆದು ನಿಲ್ಲಿಸಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿದಾಗ ಅವನ ಹೆಸರು ಚಾಪು. ಕೈಯಿಂದ ಕೈಗೆ ಮಾರಾಟವಾಗುತ್ತ ಬಂದ ಅವನಿಗೆ ಅಂಬರ್ ಎಂಬ ಹೆಸರಿಟ್ಟವನು ಬಾಗ್ದಾದಿನ ಒಬ್ಬ ಒಡೆಯ. ಅಂಬರ್, ಯಾಕೂತ್, ಕಾಫೂರ್ ಎಂದು ಸುಗಂಧದ್ರವ್ಯಗಳ, ರತ್ನಗಳ ಹೆಸರನ್ನೇ ಗುಲಾಮರಿಗೆ ಇಡುವುದು ಆಗಿನ ರೂಢಿಯಾಗಿತ್ತು. ಈ ವಿಷಯ ಮಾತಿಗೆ ಬಂದಾಗಲೆಲ್ಲ, ನಮ್ಮ ಕಡೆಯ ಗುಲಾಮಗಿರಿ ಅಮೆರಿಕದಷ್ಟು ಕ್ರೂರವಾಗಿರಲಿಲ್ಲ, ಗುಲಾಮ ವಜೀರನೂ ಆಗಬಹುದಿತ್ತು ಎಂದು ನಮ್ಮ ಭಾಗದ ಕೆಲವರು ಅಭಿಮಾನದಿಂದ ಹೇಳುವುದುಂಟು. ಒಬ್ಬ ಅಂಬರ್ 1626ರಲ್ಲಿ ಸಾಯುವಾಗ ರಾಜ್ಯ ಆಳುತ್ತಿದ್ದನು ಎಂಬುದರಿಂದ ಅವನನ್ನು ತಂದೆತಾಯಿಯಿಂದ ಕಿತ್ತು ಮಾರಿದ್ದು ಸರಿಯಾಗುವುದಿಲ್ಲ. ಅವನೊಡನೆ ಸಂತೆಯಲ್ಲಿ ನಿಂತು, ಗೋರಿಯೂ ಇಲ್ಲದೆ ಹೋದವರ ಪಾಡಿನಿಂದ ಆ ವ್ಯವಸ್ಥೆಯನ್ನು ಅಳೆಯಬೇಕು.

ಇದೇ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ದುಡಿಯುವವರನ್ನು ಗುರುತಿಸಿದ ಕ್ರಮವೇ ಬೇರೆ. ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ ಎಂದು ಹಗ್ಗ ಹೊಸೆದವರ, ಸೌದೆ ಹೊತ್ತವರ, ಅಕ್ಕಿ ಆಯ್ದವರ, ಭತ್ತ ಕುಟ್ಟಿದವರ ಹೆಸರುಗಳು ಅವರ ಕಾಯಕದೊಡನೆಯೇ ಎಂಟುನೂರು ವರ್ಷಗಳಿಂದ ನಮ್ಮ ನಾಲಿಗೆಯ ಮೇಲಿವೆ. ಅಂಥ ನೆಲದಲ್ಲಿ ಮೈಕಟ್ಟು ನೋಡಿ ಸಂಖ್ಯೆ ಆರಿಸಿಕೊಳ್ಳಿ ಎಂದು ಗಿರಾಕಿಗೆ ಹೇಳುವ ಸೇವೆ ನಡೆಯುತ್ತಿರುವುದು ನನಗೆ ಬಹಳ ನೋವಿನ ಸಂಗತಿ.

ಇನ್ನು ಕರಾರುಪತ್ರಕ್ಕೆ ಬರುತ್ತೇನೆ. ತಿಂಗಳಿಗೆ 18,000 ರೂಪಾಯಿಯನ್ನು ಏಜೆನ್ಸಿಯ ಖಾತೆಗೆ ಕಟ್ಟಬೇಕು, ಆಳಿನ ಕೈಗೆ ನೇರವಾಗಿ ಹಣ ಕೊಡಕೂಡದು ಎಂಬುದು ಮೊದಲ ಷರತ್ತು. ‘ಉಚಿತ ಬದಲಿ’ ಎಂಬುದು ಅವರ ಜಾಹೀರಾತಿನ ಮುಖ್ಯ ಆಕರ್ಷಣೆ. ಕಳಿಸಿದವರು ಒಗ್ಗದಿದ್ದರೆ ಮಿಕ್ಸರ್ ಕೆಟ್ಟಾಗ ಅಂಗಡಿಯವರು ಬದಲಿಸಿ ಕೊಡುವ ಹಾಗೆ ಬೇರೆಯವರನ್ನು ಕಳಿಸುತ್ತಾರೆ, ಕಾರಣ ಹೇಳಬೇಕಿಲ್ಲ. ಈ ಉಚಿತದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ನಮ್ಮ ಮನೆಗೆ ಬಂದ ಮಹಿಳೆ ತಮ್ಮ ಲೆಕ್ಕದ ಚೀಟಿಯನ್ನು ತೋರಿಸಿದಾಗ ತಿಳಿಯಿತು. ಯಾವ ಮನೆಯವರು ಬೇಡವೆಂದು ಹಿಂದಕ್ಕೆ ಕಳಿಸಿದರೂ ಪ್ರತಿ ಸಲಕ್ಕೆ 2,500 ರೂಪಾಯಿಯನ್ನು ಅವರ ಲೆಕ್ಕಕ್ಕೇ ಬರೆದಿದ್ದಾರೆ.

ಆ ಚೀಟಿಯಲ್ಲಿ ಇನ್ನೂ ಹೆಚ್ಚಿನದಿತ್ತು. ಗಂಡನಿಗೆ ಅಪಘಾತವಾದಾಗ ಆಸ್ಪತ್ರೆಯ ಖರ್ಚಿಗೆಂದು ಏಜೆನ್ಸಿಯಿಂದ ಪಡೆದ ಮುಂಗಡ 45,000. ಅದಕ್ಕೆ ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿ. ಊರಿಗೆ ಹೋದ ದಿನಗಳಿಗೆ ದಂಡ, ಮೇಲಂಗಿಗೆ ಹಣ, ‘ಕಾಗದಪತ್ರದ ಖರ್ಚು’ ಎಂದು ಮತ್ತಷ್ಟು. ನಾವು ಕಟ್ಟುವ 18,000ದಲ್ಲಿ ಅವರ ಸಂಬಳವೆಂದು ತೋರಿಸಿದ್ದು 10,000. ಅದರಲ್ಲಿ ಮುಂಗಡಕ್ಕೆಂದು 3,000, ಊಟ ವಸತಿಗೆಂದು 1,000 ಕಳೆದು ಕೈಗೆ ಸಿಗುವುದು 6,000. ಊಟ ವಸತಿ ಎರಡನ್ನೂ ಕೊಟ್ಟವರು ನಾವು. ವರ್ಷವಿಡೀ ಹೀಗೆ ಕಡಿದರೂ ಬಾಕಿ ಇನ್ನೂ 38,000 ಇತ್ತು. ಆಧಾರ್ ಕಾರ್ಡ್ ಮತ್ತು ಬ್ಯಾಂಕಿನ ಪಾಸ್‌ಬುಕ್ ಎಲ್ಲಿವೆ ಎಂದು ಕೇಳಿದೆ. “ಆಫೀಸದಾಗ ಇಟ್ಕೊಂಡಾರ್ರಿ ಅಕ್ಕಾ. ರೊಕ್ಕ ಪೂರಾ ಮುಟ್ಟಿಸಿದ ಮ್ಯಾಲ ಕೊಡ್ತೀವಿ ಅಂದಾರ” ಎಂದರು. ಮಗಳಿಗೆ ಜ್ವರ ಬಂದಾಗ ಊರಿಗೆ ಹೋಗಲು ಬಿಡಿ ಎಂದು ಕೇಳಿದ್ದಕ್ಕೆ, ಬಾಕಿ ಇರುವಾಗ ಹೋಗುವ ಹಾಗಿಲ್ಲವೆಂದು ಫೋನಿನಲ್ಲಿ ಬೈದದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯನ್ನು ಇಲ್ಲಿ ನೆನೆಯಬೇಕು. ಜೀತವೆಂದರೆ ಗೌಡರ ಮನೆಯಲ್ಲಿ ಕೂಲಿಯಿಲ್ಲದೆ ದನ ಕಾಯುವುದು ಎಂಬ ಚಿತ್ರವೇ ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಕಾಯ್ದೆಯ ವ್ಯಾಖ್ಯೆ ಅದಕ್ಕಿಂತ ಬಹಳ ವಿಸ್ತಾರವಾದದ್ದು. ಪಡೆದ ಮುಂಗಡದ ಕಾರಣಕ್ಕೆ ಒಬ್ಬರು ಕೂಲಿಯಿಲ್ಲದೆ ಅಥವಾ ಹೆಸರಿಗಷ್ಟೇ ಕೂಲಿ ಪಡೆದು ದುಡಿಯಬೇಕಾಗಿ ಬಂದರೆ, ಅಥವಾ ಬೇರೆ ಕಡೆ ಕೆಲಸ ಹಿಡಿಯುವ ಸ್ವಾತಂತ್ರ್ಯ ಕಳೆದುಕೊಂಡರೆ, ಅಥವಾ ದೇಶದೊಳಗೆ ತಮಗೆ ಬೇಕಾದಲ್ಲಿಗೆ ಹೋಗಿಬರುವ ಹಕ್ಕು ಕಳೆದುಕೊಂಡರೆ, ಇವುಗಳಲ್ಲಿ ಒಂದಿದ್ದರೂ ಅದು ಜೀತವೇ. ಆ ವ್ಯಾಖ್ಯೆಯ ಜೊತೆಯಲ್ಲೇ ದೇಶದ ಬೇರೆಬೇರೆ ಕಡೆಯ ಜೀತದ ಪದ್ಧತಿಗಳನ್ನು ಹೆಸರಿಸಿದ್ದಾರೆ. ಅದರಲ್ಲಿ ನಮ್ಮ ‘ಜೀತ’ವೂ ಇದೆ, ಹಿಂದಿನ ಹೈದರಾಬಾದ್ ಸಂಸ್ಥಾನದ ‘ಭಗೇಲಾ’ ಕೂಡ ಇದೆ. ಕಲಬುರಗಿ, ಬೀದರ್‌ಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗಲೇ, 1943ರಲ್ಲಿ, ಭಗೇಲಾ ಕರಾರುಗಳನ್ನು ನಿಯಂತ್ರಿಸುವ ಕಾನೂನು ಬಂದಿತ್ತು. ಅಂದಿನ ಕರಾರಿಗೂ ಇಂದು ಕಂಪ್ಯೂಟರಿನಲ್ಲಿ ಅಚ್ಚಾಗಿ ಬಂದ ಈ ಚೀಟಿಗೂ ನಡುವೆ ಮುಂಗಡ ಕೊಟ್ಟು ಮೈ ಹಿಡಿದಿಟ್ಟುಕೊಳ್ಳುವ ಸಂಗತಿಯಲ್ಲಿ ಯಾವ ಬದಲಾವಣೆಯೂ ನನಗೆ ಕಾಣಲಿಲ್ಲ.

ಏಜೆನ್ಸಿಯ ಮ್ಯಾನೇಜರರನ್ನು ಕಂಡು ಮಾತನಾಡಿದೆವು. ಸೌಜನ್ಯದಿಂದಲೇ ಚಹಾ ತರಿಸಿ ಮಾತನಾಡಿದರು. ಅವರು ಮುಂದಿಟ್ಟ ಸಮರ್ಥನೆಗಳು ಬಹಳ ಹಳೆಯವು, ಬಹಳ ಮಂದಿ ನಂಬಿರುವಂಥವು.

“ನಾವೇನು ಹಿಡ್ಕೊಂಡು ಬಂದೀವೇನ್ರಿ ಮೇಡಂ? ತಾವಾಗೇ ಬಂದು ಅಡ್ವಾನ್ಸ್ ತಗೊಂಡಾರ, ಸಹಿ ಮಾಡ್ಯಾರ” ಎಂದು ಮೊದಲು ಹೇಳಿದರು. ಈ ಮಾತಿಗೆ ಸುಪ್ರೀಂ ಕೋರ್ಟು 1982ರಲ್ಲೇ ಉತ್ತರ ಕೊಟ್ಟಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಹಸಿವು ಮತ್ತು ಬಡತನ ಬೇರೆ ದಾರಿಯೇ ಇಲ್ಲದಂತೆ ಮಾಡಿ ದುಡಿಸಿದರೆ ಅದೂ ಬಲವಂತವೇ ಎಂದೂ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿಗೆ ವಿರುದ್ಧವಾದ ಬಲವಂತದ ದುಡಿಮೆಯೆಂದೂ ಸ್ಪಷ್ಟಪಡಿಸಿದರು. ಗಂಡ ಆಸ್ಪತ್ರೆಯಲ್ಲಿ ಮಲಗಿರುವಾಗ ಹೆಂಡತಿ ಹಾಕಿದ ಸಹಿಯನ್ನು ಸ್ವಇಚ್ಛೆಯೆಂದು ಹೇಳುವುದು, ಅಷ್ಟರ ಮೇಲೆ ಆ ಸಹಿಯ ಬಲದಿಂದ ಮುಂದಿನ ಎಲ್ಲ ದಿನಗಳ ಇಚ್ಛೆಯನ್ನೂ ಕಸಿದುಕೊಳ್ಳುವುದು ಯಾವ ನ್ಯಾಯ? ಇಂದು ಒಪ್ಪಿದವರು ನಾಳೆ ಬಿಟ್ಟು ಹೋಗಬಹುದಾದರೆ ಮಾತ್ರ ಅದನ್ನು ಒಪ್ಪಿಗೆ ಎನ್ನಬೇಕು. ಗುರುತಿನ ಚೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡವರಿಗೆ ಒಪ್ಪಿಗೆಯ ಮಾತು ಆಡುವ ಹಕ್ಕಿಲ್ಲ.

ಊರಿನಲ್ಲಿ ಬೇಳೆ ಕಾಳಿಗೂ ಗತಿಯಿಲ್ಲದವರು ಇಲ್ಲಿ ದೊಡ್ಡ ಮನೆಗಳಲ್ಲಿ ಹೊಟ್ಟೆ ತುಂಬ ಉಂಡು ಫ್ಯಾನಿನ ಕೆಳಗೆ ಮಲಗುತ್ತಾರೆ ಎಂಬುದು ಅವರ ಇನ್ನೊಂದು ಮಾತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದವರೂ ಇದನ್ನೇ ಹೇಳಿದ್ದರು. 1850ರ ದಶಕದಲ್ಲಿ ವರ್ಜೀನಿಯಾದ ಜಾರ್ಜ್ ಫಿಟ್ಸ್‌ಹ್ಯೂ, ಉತ್ತರದ ಕಾರ್ಖಾನೆಯ ಕೂಲಿಗಿಂತ ತೋಟದ ಗುಲಾಮನೇ ಸುಖಿಯೆಂದು ವಾದಿಸುತ್ತಿದ್ದ. ಅದೇ ದೇಶ 1850ರಲ್ಲೇ ಓಡಿಹೋದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ ಕಠಿಣ ಕಾನೂನು ಮಾಡಿಕೊಂಡಿತು. ಸುಖವಾಗಿದ್ದವರು ಪ್ರಾಣದ ಹಂಗು ತೊರೆದು ಕೆನಡಾದ ತನಕ ಏಕೆ ಓಡಿದರು? ಗುಲಾಮಗಿರಿ ಒಳ್ಳೆಯದೆಂದು ಎಷ್ಟೋ ಗ್ರಂಥಗಳು ಬಂದರೂ, ಆ ಒಳಿತನ್ನು ಪಡೆಯಲು ತಾನೇ ಗುಲಾಮನಾಗಲು ಬಯಸಿದವನೊಬ್ಬನನ್ನೂ ಕಾಣೆವು ಎಂಬ ಅರ್ಥದ ಮಾತನ್ನು ಅಬ್ರಹಾಂ ಲಿಂಕನ್ ಬರೆದಿಟ್ಟಿದ್ದಾರೆ. ನಾನು ಮ್ಯಾನೇಜರರಿಗೆ ಕೇಳಿದ್ದೂ ಅಂಥದ್ದೇ. ಇದೇ ಷರತ್ತುಗಳಿಗೆ ನಿಮ್ಮ ಮನೆಯ ಹೆಣ್ಣುಮಗಳನ್ನು ಕಳಿಸುವಿರಾ ಎಂದೆ. ಅವರು ಉತ್ತರಿಸಲಿಲ್ಲ.

ಕಡೆಗೆ ಅವರು ಹೇಳಿದ ಮಾತಿನ ಬಗ್ಗೆ ನಾನು ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದೇನೆ. ಆಕೆ ಬಿಟ್ಟು ಹೋದರೆ ನಮ್ಮ 38,000ಕ್ಕೆ ಯಾರು ಹೊಣೆ, ನಮ್ಮ ನಷ್ಟವನ್ನು ಯಾರು ತುಂಬಿಕೊಡುತ್ತಾರೆ ಎಂದರು. ಮನುಷ್ಯರನ್ನು ಸರಕೆಂದು ಬಗೆದ ಕಡೆಯಲ್ಲೆಲ್ಲ ಈ ಪ್ರಶ್ನೆಯೇ ಮೊದಲು ಏಳುತ್ತದೆ. 1781ರಲ್ಲಿ ಝಾಂಗ್ ಎಂಬ ಹಡಗಿನಿಂದ 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದಾಗ ಲಂಡನ್ನಿನ ನ್ಯಾಯಾಲಯದ ಮುಂದೆ ಬಂದದ್ದು ಕೊಲೆಯ ಮೊಕದ್ದಮೆಯಲ್ಲ, ಸತ್ತವರ ಬೆಲೆಯನ್ನು ವಿಮೆಯವರು ಒಡೆಯರಿಗೆ ಕೊಡಬೇಕೇ ಎಂಬ ದಾವೆ. ಮುಂದೆ 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯ್ದೆ ಮಾಡಿದಾಗ ಎರಡು ಕೋಟಿ ಪೌಂಡುಗಳ ಪರಿಹಾರವನ್ನು ಗೊತ್ತುಮಾಡಿತು. ಆ ಹಣವೆಲ್ಲ ಹೋದದ್ದು ಒಡೆಯರಿಗೆ. ತಲೆತಲಾಂತರ ಪುಕ್ಕಟೆ ದುಡಿದವರಿಗೆ ಒಂದು ಕಾಸೂ ಸಿಗಲಿಲ್ಲ, ಅಷ್ಟೇ ಅಲ್ಲದೆ ‘ತರಬೇತಿ’ಯ ಹೆಸರಿನಲ್ಲಿ 1838ರ ತನಕ ಅವರನ್ನು ಅದೇ ಒಡೆಯರಿಗೆ ದುಡಿಯಲು ಹಚ್ಚಿದರು. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳು ಆ ಕಾಯ್ದೆಯಿಂದ ಹೊರಗೇ ಉಳಿದವು. ಕಂಪನಿಯ ಭಾರತಕ್ಕೆ 1843ರಲ್ಲಿ ಬೇರೆ ಕಾನೂನು ಬರಬೇಕಾಯಿತು.

ನಮ್ಮ 1976ರ ಕಾಯ್ದೆ ಈ ಪ್ರಶ್ನೆಗೆ ತಿರುಗಿ ಕೊಟ್ಟ ಉತ್ತರ ನನಗೆ ಹೆಮ್ಮೆ ತರುವಂಥದ್ದು. ಅದು ಸಾಲ ಕೊಟ್ಟವನಿಗೆ ಪರಿಹಾರ ಕೊಡಲಿಲ್ಲ. ಜೀತದ ಸಾಲವನ್ನು ತೀರಿಸುವ ಹೊಣೆಯನ್ನೇ ಅಳಿಸಿಹಾಕಿತು. ಅಳಿದುಹೋದ ಆ ಸಾಲಕ್ಕೆಂದು ಹಣ ತೆಗೆದುಕೊಳ್ಳುವುದೇ ಅಪರಾಧ, ಅದಕ್ಕೆ ಮೂರು ವರ್ಷಗಳ ತನಕ ಸೆರೆವಾಸವಾಗಬಹುದು. ಇದು ಜೀತದ ಸಾಲವೆಂದು ದುಡಿದವರು ಹೇಳಿದರೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನ ಮೇಲೆಯೇ ಬೀಳುತ್ತದೆ. ವಕೀಲರನ್ನು ಇಡಲಾಗದ, ಚೀಟಿ ಓದಲು ಬಾರದ ಹೆಣ್ಣುಮಗಳ ಪರವಾಗಿ ಶಾಸನವೇ ಹೀಗೆ ನಿಂತಿರುವುದನ್ನು ನಮ್ಮ ಭಾಗದ ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಏಕೆಂದರೆ ಏಜೆನ್ಸಿಗೆ ಪ್ರತಿ ತಿಂಗಳು ಹಣ ಕಟ್ಟುವವರು ನಾವೇ.

ದೂರಿಗೆ ಏಜೆನ್ಸಿ ಸ್ಪಂದಿಸಿದ ಬಗೆಯನ್ನೂ ದಾಖಲಿಸುತ್ತೇನೆ. ಬಾಯಿಮಾತಿಗೆ ಅವರು ಜಗ್ಗಲಿಲ್ಲ. ಲಿಖಿತವಾಗಿ ಕೊಟ್ಟು, ಅದರ ಪ್ರತಿಯನ್ನು ಸಹಾಯಕ ಆಯುಕ್ತರ ಕಚೇರಿಗೂ ಮುಟ್ಟಿಸಿದ ಬಳಿಕ ಆಧಾರ್ ಕಾರ್ಡು, ಪಾಸ್‌ಬುಕ್ ಎರಡೂ ಹೊರಬಂದವು. ಲೆಕ್ಕದ ಪೂರ್ಣ ಪ್ರತಿಯನ್ನು ಇನ್ನೂ ಕೊಟ್ಟಿಲ್ಲ. ಅದೇ ಹೊತ್ತಿಗೆ ನಮಗೆ ‘ಬೇರೆ ಒಳ್ಳೆಯ ಆಳನ್ನು ರಿಯಾಯಿತಿಯಲ್ಲಿ’ ಕಳಿಸುವುದಾಗಿ ಸಂದೇಶ ಬಂತು, ನಾವು ನಿರಾಕರಿಸಿದೆವು. ಆ ಮಹಿಳೆ ಈಗ ಏಜೆನ್ಸಿಯ ಮೂಲಕವಲ್ಲದೆ ತಾವಾಗಿಯೇ ನಮ್ಮಲ್ಲಿ ಕೆಲಸಕ್ಕಿದ್ದಾರೆ. ಹಿಂದೆ ಕಚೇರಿಗೆ ಕಟ್ಟುತ್ತಿದ್ದ 18,000 ಪೂರ್ತಿಯಾಗಿ ಅವರ ಖಾತೆಗೇ ಹೋಗುತ್ತದೆ. ವಾರಕ್ಕೊಂದು ದಿನ ರಜೆಯಿದೆ, ಅಂದು ಅತ್ತೆಯವರ ಮಗ್ಗುಲು ಬದಲಿಸುವ ಕೆಲಸ ನನ್ನದು ಮತ್ತು ನಮ್ಮ ಮನೆಯವರದು. ಹಬ್ಬಕ್ಕೆ ಊರಿಗೂ ಹೋಗಿಬಂದರು.

ಇಂಥ ಸೇವೆಯನ್ನು ಪಡೆಯಲೇಬೇಕಾದವರು ಒಪ್ಪಂದಕ್ಕೆ ಮುನ್ನ ಬರುವವರೊಡನೆ ಏಜೆನ್ಸಿಯವರ ಎದುರಿನಲ್ಲಲ್ಲದೆ ಪ್ರತ್ಯೇಕವಾಗಿ ಮಾತನಾಡಿ. ಹೆಸರು ಕೇಳಿ, ಆಧಾರ್ ಯಾರ ಕೈಯಲ್ಲಿದೆ ಎಂದು ಕೇಳಿ, ಮುಂಗಡ ಪಡೆದಿದ್ದರೆ ಅದರ ಚೀಟಿ ನೋಡಿ. ಸಂಬಳವನ್ನು ಅವರ ಖಾತೆಗೇ ಹಾಕುತ್ತೇವೆ, ನಿಮ್ಮ ಶುಲ್ಕವನ್ನು ಬೇರೆಯಾಗಿ ಕೊಡುತ್ತೇವೆ ಎಂದು ಹೇಳಿ ನೋಡಿ. ಈ ಒಂದು ಮಾತಿಗೆ ಏಜೆನ್ಸಿ ಒಪ್ಪದಿದ್ದರೆ ಮುಂದೆ ವಿಚಾರಿಸುವ ಅಗತ್ಯವೇ ಇಲ್ಲ. ಮನೆಗೆಲಸಕ್ಕೂ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯ ನಮ್ಮದು, 2004ರಲ್ಲಿಯೇ. ಈಗಿನ ದರವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಬಹುದು. ಜೀತದ ಲಕ್ಷಣ ಕಂಡರೆ ಜಿಲ್ಲಾಧಿಕಾರಿಗಳಿಗೆ ಅಥವಾ ಉಪವಿಭಾಗದ ಸಹಾಯಕ ಆಯುಕ್ತರಿಗೆ ಬರೆಯಬೇಕು. ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ತ್ವರಿತವಾಗಿ ಆಳು ಕಳಿಸುವ ವಿಷಯದಲ್ಲಿ ಈ ಏಜೆನ್ಸಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದಾಗಿತ್ತು. ಒಟ್ಟು ಸೇವೆಗೆ ನಾನು ಒಂದು ಅಂಕವನ್ನೂ ಕೊಡಲಾರೆ. ಈಗಾಗಲೇ ಇಂಥ ಕರಾರಿಗೆ ಸಹಿ ಮಾಡಿರುವ ಮನೆಯವರು ಮುಂದಿನ ತಿಂಗಳ ಹಣ ಕಟ್ಟುವ ಮೊದಲು ನಿಮ್ಮಲ್ಲಿ ದುಡಿಯುತ್ತಿರುವವರ ಲೆಕ್ಕದ ಪ್ರತಿಯನ್ನು ಏಜೆನ್ಸಿಯಿಂದ ಲಿಖಿತವಾಗಿ ಕೇಳಿರಿ.